ಗುರುಲಿಂಗವ್ವ ಕೊಟ್ಟ ಜಾಗ

ಇಳಕಲ್ಲಿನ ಆ ಓಣಿಯ ಮಗ್ಗಗಳಿಗೆಲ್ಲ ಹಾಸು ಹಾಕಿಕೊಡುವವಳು ಶಾರವ್ವ. ನೂಲನ್ನು ಉದ್ದಕ್ಕೆ ಎಳೆದು ಕಟ್ಟಿ, ಗಂಜಿ ಸವರಿ, ಬಿಸಿಲಿಗೆ ಒಣಗಿಸಿ ಕೊಟ್ಟರೆ ತಾನೇ ಸೀರೆಯ ಮಾತು! ಅದಕ್ಕೆ ಬೇಕಾದ ಬಯಲು ಓಣಿಯ ತುದಿಯಲ್ಲಿತ್ತು. ಹಾಸು ಕಟ್ಟಿದ್ದಾಗ ಅದನ್ನು ಯಾರೂ ದಾಟುತ್ತಿರಲಿಲ್ಲ. ಎಂಥ ಅವಸರದ ಗಿರಾಕಿಯಾದರೂ ಬಳಸಿಕೊಂಡು ಹೋಗಬೇಕು, ಇಲ್ಲವೇ ಕಟ್ಟೆಯ ಮೇಲೆ ಕೂತು ಬೀಡಿ ಸೇದಬೇಕು.

ಬಯಲು ಮಾತ್ರ ಈರಪ್ಪ ಸಾವಕಾರನದು. ಬಾಗಲಕೋಟೆಯಲ್ಲಿ ಕಿರಾಣಿ ಅಂಗಡಿ ನಡೆಸುತ್ತಿದ್ದ ಅವನು, ತಾಯಿ ಗುರುಲಿಂಗವ್ವ ತೀರಿಕೊಂಡ ಮೇಲೆ ಎಂಬತ್ತೆರಡನೇ ಇಸವಿಯಲ್ಲಿ ಊರಿಗೆ ಮರಳಿದ. ಬಂದವನೇ ಆ ಜಾಗದ ತುಂಬ ಕೆಳಗೆ ಅಂಗಡಿ, ಮೇಲೆ ಬಾಡಿಗೆ ಮನೆ ಕಟ್ಟುತ್ತೇನೆಂದು ಪುರಸಭೆಗೆ ನಕ್ಷೆ ಕೊಟ್ಟ. ತಕರಾರು ಇದ್ದವರು ಕಟ್ಟಡ ಸಮಿತಿಯ ಮುಂದೆ ಬಂದು ಹೇಳಬೇಕೆಂದು ಡಂಗುರ ಹೊಡೆದಾಗ ಓಣಿಗೆ ಓಣಿಯೇ ತಲೆಯ ಮೇಲೆ ಕೈ ಹೊತ್ತು ಕೂತಿತು.

"ಶಾರಕ್ಕಾ, ನೀ ಒಂದ ಮಾತು ಹೇಳು ಸಾಕು," ಎಂದ ನೇಕಾರ ತಿಮ್ಮಣ್ಣ. "ಅದು ಮೊದಲಿಂದ ಊರ ದಾರಿ ಅಂತ ಹೇಳು. ಪರವಾನಗಿ ಹೆಂಗ ಕೊಡ್ತಾರ ನೋಡೂಣು."

ತಿಮ್ಮಣ್ಣನಿಗೆ ಸುಳ್ಳು ಹೇಳುವುದೆಂದರೆ ಎಲೆ ಅಡಿಕೆ ಹಾಕಿಕೊಂಡಷ್ಟು ಸಲೀಸು. ಶಾರವ್ವನಿಗೆ ಹಾಗಲ್ಲ. ಆದರೆ ಬಯಲು ಹೋದರೆ ಕೈಯ ಕೆಲಸವೂ ಹೋಯಿತು, ಓಣಿಯ ಮಗ್ಗಗಳೂ ನಿಂತವು. ಸಭೆಯ ದಿನ ಆ ಮಾತನ್ನೇ ಬಾಯಿಪಾಠ ಮಾಡುತ್ತ ಪುರಸಭೆಯ ಮೆಟ್ಟಿಲು ಹತ್ತಿದಳು.

ಸಮಿತಿಯ ಅಧ್ಯಕ್ಷರು ನಕ್ಷೆ ಹರವಿಕೊಂಡು ಕೇಳಿದರು. "ಏನವಾ, ನಿನ್ನ ತಕರಾರು ಏನು?"

ಎದುರಿಗೆ ಈರಪ್ಪ ಮುಖ ಗಂಟು ಹಾಕಿಕೊಂಡು ಕೂತಿದ್ದ. ಅದೇ ಗುರುಲಿಂಗವ್ವನ ಮೂಗು, ಅದೇ ಹಣೆ. ಶಾರವ್ವನ ಬಾಯಿಪಾಠವೆಲ್ಲ ಎಲ್ಲಿ ಹೋಯಿತೋ.

"ತಕರಾರು ಇಲ್ರಿ," ಎಂದಳು. "ಅದು ಊರ ದಾರಿ ಅಲ್ಲ, ಇವ್ರ ಜಾಗಾನ. ನಮ್ಮನಿಯವ್ರು ತೀರಿಕೊಂಡಾಗ ಗುರುಲಿಂಗವ್ವ ದೊಡ್ಡವ್ವ ತಾನ ಬಂದು, 'ಅಳಬ್ಯಾಡ, ನನ್ನ ಬಯಲಾಗ ಹಾಸ ಹಾಕು, ಮಕ್ಕಳ್ನ ಸಾಕು' ಅಂದ್ಲು. ಬಾಡಿಗಿ ಅಂತ ಒಂದ ದಿನಾನೂ ಕೇಳ್ಲಿಲ್ಲ. ಆಕಿ ಇದ್ದಾಗ ನಾ ಕೈ ಮುಗಿದು ಒಂದ ಮಾತೂ ಹೇಳ್ಲಿಲ್ರಿ. ಈಗ ಮಗನಿಗಾದ್ರೂ ಹೇಳ್ತೇನಿ." ಈರಪ್ಪನ ಕಡೆ ತಿರುಗಿದಳು. "ನಿಮ್ಮವ್ವನಿಂದ ನಾವು ಉಂಡಿವ್ರಿ, ಅಣ್ಣಾರ. ಶರಣ್ರಿ."

ತಿಮ್ಮಣ್ಣ ಹಣೆ ಹಣೆ ಬಡಿದುಕೊಂಡ. ಅಧ್ಯಕ್ಷರು ಸಹಿಗೆಂದು ಪೆನ್ನು ತೆಗೆದರು. ಈರಪ್ಪ ನಕ್ಷೆಯ ಮೇಲೆ ಅಂಗೈ ಇಟ್ಟುಬಿಟ್ಟ.

"ತಡೀರಿ. ನೇಕಾರ್ರು ದಬಾಯಿಸಿ ಜಾಗಾ ಹಿಡದಾರ ಅಂತ ತಿಳದಿದ್ದೆ. ನಮ್ಮವ್ವ ನನಗ ಒಂದ ಮಾತೂ ಹೇಳಿಲ್ಲ." ಅವನು ನಕ್ಷೆಯನ್ನು ಸುತ್ತಿಕೊಂಡ. "ನಕ್ಷಾ ತಿದ್ದಿಸಿಕೊಂಡು ಬರ್ತೇನ್ರಿ."

ತಿದ್ದಿ ತಂದ ನಕ್ಷೆಗೆ ಸಮಿತಿ ಒಪ್ಪಿತು. ಎರಡು ಬದಿಗೆ ಅಂಗಡಿ, ಮೇಲೆ ಮನೆ. ನಡುವೆ ಈ ತುದಿಯಿಂದ ಆ ತುದಿಗೆ ನೆಟ್ಟಗೆ ತೆರೆದು ಬಿಟ್ಟ ಜಾಗ. ಅಷ್ಟು ಜಾಗ ಹಾಳು ಮಾಡಿದನಲ್ಲ ಎಂದು ಪೇಟೆಯವರು ನಕ್ಕರು. ನಗಲಿ, ಅವರಿಗೇನು ಗೊತ್ತು!

ಅಂಗಡಿಗಳ ಪೂಜೆಯ ದಿನ ಶಾರವ್ವ ನೂಲು ಮುಟ್ಟದೆ ಮನೆಯಲ್ಲೇ ಉಳಿದಳು. ಹೊತ್ತು ಏರುವ ಮೊದಲೇ ಈರಪ್ಪ ಹೊಸ ಧೋತರದಲ್ಲಿ ಬಾಗಿಲಿಗೆ ಬಂದ.

"ಯಾಕ ಶಾರಕ್ಕಾ, ಹಾಸ ಹಾಕಿಲ್ಲಲ್ಲ?"

"ಇವತ್ತ ನಿಮ್ಮ ಪೂಜಿ ಐತಲ್ರಿ. ಮಂದಿ ಅಡ್ಡಾಡ್ತಾರ."

"ಪೂಜಿ, ಹಾಸ ಎತ್ತಿದ ಮ್ಯಾಲೆ. ಅಯ್ಯನವ್ರಿಗೆ ಹೇಳೇನಿ. ನಡಿ."

ಶಾರವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಗಂಜಿಯ ಗಡಿಗೆ ಎತ್ತಿಕೊಂಡಳು. ಅವಳಿಗೆ ಅಂದಿನಷ್ಟು ಸಂತೋಷ ಮತ್ತೆಂದೂ ಆಗಲಿಲ್ಲ. ಕೆಂಪು ನೂಲು ಅಂಗಡಿಗಳ ನಡುವೆ ಉದ್ದಕ್ಕೆ ಒಣಗುತ್ತಿತ್ತು. ಹೂವಿನ ಹಾರ ಹಿಡಿದ ಬೀಗರು, ಅಯ್ಯನವರು, ಅಧ್ಯಕ್ಷರು ಎಲ್ಲರೂ ಈಚೆಯೇ ಕಾದು ಕೂತರು. ಈರಪ್ಪ ಚಪ್ಪಲಿ ಬಿಟ್ಟು, ಅವ್ವನ ಬಯಲಿನ ಅಂಚಿನಲ್ಲಿ, ತನ್ನದೇ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದ.