ಮೇಲಕ್ಕೆ ಮಾತ್ರ

"ಇಳಸ್ರೀ ನನ್ನ! ಇಲ್ಲೇ ಇಳಸ್ರಿ!"

ಮುರಿಗೆಪ್ಪ ಕೂಗಿದ ಕೂಗಿಗೆ ಕುರ್ಚಿ ಹೊತ್ತಿದ್ದ ನಾಲ್ವರೂ ಬೆಚ್ಚಿಬಿದ್ದರು. ಲಂಡನ್ ಸ್ಟೇಷನ್ನಿನ ಆ ಹಳದಿ ಜಾಕೀಟಿನ ಆಳುಗಳಿಗೆ ಕನ್ನಡ ಎಲ್ಲಿಂದ ಬರಬೇಕು? ಆದರೆ ಸಿಟ್ಟಿಗೆ ಯಾವ ಭಾಷೆಯಾದರೇನು. ಮೆಟ್ಟಿಲಿನ ನಡುವೆ ಅಗಲವಾಗಿದ್ದ ಜಾಗದಲ್ಲಿ ಕುರ್ಚಿ ಇಳಿಸಿ ನಾಲ್ಕು ಹೆಜ್ಜೆ ದೂರ ಸರಿದು ನಿಂತರು. ಮೇಲೆ ಇಪ್ಪತ್ತಾರು ಮೆಟ್ಟಿಲು, ಕೆಳಗೆ ಪ್ಲಾಟ್‌ಫಾರ್ಮಿನ ತನಕ ಇನ್ನೂ ಇಪ್ಪತ್ತಾರು.

ಅಷ್ಟು ಹೊತ್ತು ಅವನು ಹಲ್ಲು ಕಚ್ಚಿಕೊಂಡು ಕೂತೇ ಇದ್ದ. ಒಮ್ಮೆ ತಲೆಯೆತ್ತಿ ಮೇಲೆ ನೋಡಿದ್ದೇ ತಡ, ಎಲ್ಲ ಕೆಟ್ಟಿತು. ಟಿಕೆಟ್ ಗೇಟಿನ ಪಕ್ಕದಲ್ಲಿ ಹೆಂಡತಿ ನೀಲವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ಯಾಕೆ ಅಳುತ್ತಾಳೆ ಎಂದು ತನ್ನ ಮೈ ತಾನು ನೋಡಿಕೊಂಡ. ಹಣೆಗೆ ವಿಭೂತಿ, ಕೊರಳಿಗೆ ಚೆಂಡು ಹೂವಿನ ದಪ್ಪ ಮಾಲೆ, ಕುರ್ಚಿ, ನಾಲ್ಕು ಜನ.

"ಏನಾತಪ್ಪಾ? ಎವ್ರಿಬಡಿ ಈಸ್ ವೇಟಿಂಗ್," ಅನ್ನುತ್ತ ಮಗ ಅನಿಕೇತ ದಡದಡ ಇಳಿದು ಬಂದ.

"ಏನಾತು? ಕುರ್ಚಿ ಮ್ಯಾಲ ಕುಂದರಿಸಿ, ಮಾಲಿ ಹಾಕಿ, ನಾಕ ಮಂದಿ ಹೊತಗೊಂಡು ಹೊಂಟಾರ. ನಿಮ್ಮಜ್ಜನ್ನ ಮಣ್ಣಿಗೆ ಒಯ್ದದ್ದೂ ಹಿಂಗ ನೋಡಪಾ. ನಮ್ಮ ಕಡೆ ಹೆಣಾ ಮಲಗಸಂಗಿಲ್ಲ, ಕುಂದರಸ್ತಾರ. ಭಜನಿ ಒಂದ ಕಡಿಮಿ ಆತು, ಹಚ್ಚು ಅದನ್ನೂ!"

ಅನಿಕೇತ ಹುಟ್ಟಿದ್ದೂ ಬೆಳೆದದ್ದೂ ಇಲ್ಲೇ, ಲಂಡನ್ನಿನಲ್ಲೇ. ಕನ್ನಡ ಕೂಟದಲ್ಲಿ ದೊಡ್ಡವರಿಗೆ ಮಾಲೆ ಹಾಕುವುದನ್ನು ನೋಡಿದ್ದ, ಅಪ್ಪನಿಗೂ ಮರ್ಯಾದೆಯಾಗಲಿ ಎಂದು ಬೆಳಗ್ಗೆ ನಮ್ಮ ದೇಶದವರ ಅಂಗಡಿಗಳಿರುವ ಸೌತಾಲ್‌ಗೆ ಹೋಗಿ ತಂದಿದ್ದ. ಊರಲ್ಲಿ ಒಂದು ಸಾವನ್ನಾದರೂ ಕಣ್ಣಾರೆ ಕಂಡಿದ್ದರೆ ತಾನೇ ಅವನಿಗೆ ತಿಳಿಯುವುದು?

"ನಂಗ ಗೊತ್ತಿರ್ಲಿಲ್ಲಪ್ಪಾ," ಎಂದ.

ಗೊತ್ತಿಲ್ಲದೆ ಮಾಡಿದ್ದು ಇದೊಂದೇ ಅಲ್ಲ. ಲಂಡನ್ನಿಗೆ ಮೊದಮೊದಲು ಎಸ್ಕಲೇಟರ್ ಬಂದಾಗ ಜನ ಹೆದರಿ ಹತ್ತಲಿಲ್ಲವಂತೆ. ಒಂಟಿಗಾಲಿನವನೊಬ್ಬನನ್ನು ಕರೆತಂದು ದಿನವಿಡೀ ಹತ್ತಿಸಿ ಇಳಿಸಿ ಧೈರ್ಯ ತುಂಬಿದರಂತೆ. ನಿಜವೋ ಕಟ್ಟುಕಥೆಯೋ ಆ ದೇವರೇ ಬಲ್ಲ. ಈ ಸ್ಟೇಷನ್ನಿಗೆ ಎಸ್ಕಲೇಟರ್ ಕೂರಿಸಿದ ಕಂಪನಿಯ ಆಫೀಸಿನಲ್ಲಿ ಅದನ್ನು ಹೇಳಿದವನು ಅನಿಕೇತ. ಅಲ್ಲೇ ಕೆಲಸ ಅವನಿಗೆ. "ನಮ್ಮಪ್ಪನಿಗೂ ಒಂದೇ ಕಾಲು" ಎಂದು ನಾಲಿಗೆ ಜಾರಿಸಿದವನೂ ಅವನೇ. ಸಾಹೇಬರು ಕುಣಿದಾಡಿದರು. ಉದ್ಘಾಟನೆಯ ಮೊದಲ ಸವಾರಿ ಮುರಿಗೆಪ್ಪನದು, ಫೋಟೋ ಪೇಪರಿನಲ್ಲಿ.

ಸಕ್ಕರೆ ಕಾಯಿಲೆ ಮುರಿಗೆಪ್ಪನ ಎಡಗಾಲನ್ನು ಮೊಣಕಾಲಿನ ಕೆಳಗೆ ನುಂಗಿ ಎರಡು ವರ್ಷವಾಗಿತ್ತು. ಗ್ರೀನ್‌ಫರ್ಡಿನ ಗೋದಾಮಿನಲ್ಲಿ ಮೇಲ್ವಿಚಾರಕಿ ಕಾಮಾಕ್ಷಿ, ಕುಂದಾಪುರದ ಹೆಣ್ಣುಮಗಳು, ಅವನಿಗೆಂದೇ ಕೂತು ಮಾಡುವ ಕೆಲಸ ಕಾದಿರಿಸಿದ್ದಳು. ಎರಡು ಸಲ ಬಸ್ಸು ಬದಲಿಸಿ ಹೋಗಿ ನೋಡಿದ. ಕತ್ತರಿಸಿದ ಜಾಗ ಕೆಂಡವಾಯಿತು. ನೆಲದಡಿಯ ಟ್ಯೂಬ್ ರೈಲೇ ಗತಿ. ಕಂಬಿ ಹಿಡಿದು ಹೇಗೋ ಹತ್ತಿಯಾನು, ಆದರೆ ಇಳಿಯುವಾಗ ಪಟ್ಟಿ ಬಿಗಿದು ಕಟ್ಟಿದ ಕೃತಕ ಕಾಲು ಭಾರ ತಡೆಯದು. ಅದಕ್ಕೇ ಲಿಫ್ಟ್ ಕೇಳಿ ಮನೆಮನೆ ಅಲೆದು ಸಾವಿರದ ನೂರು ಸಹಿ ಹಾಕಿಸಿದ. ಬಂದದ್ದು ಎಸ್ಕಲೇಟರ್. ಅದೂ ಒಂದೇ, ಅದೂ ಮೇಲಕ್ಕೆ ಮಾತ್ರ! ಆ ಸವಾರಿಗೆ ಅವನನ್ನು ಹೊತ್ತು ಕೆಳಗೆ ಇಳಿಸಬೇಕಾಯಿತು ನೋಡಿ, ಇವರ ತಲೆಗೆ ಏನು ಹೇಳೋಣ. ಮಗನ ಮುಖ ನೋಡಿ ಒಪ್ಪಿದ್ದ.

"ಒಂದ ಮಾತು ಕೇಳ್ತೀನಿ. ಖರೇ ಹೇಳು," ಎಂದ ಮುರಿಗೆಪ್ಪ. "ಈ ಫೋಟೋ ಬಂದ ಮ್ಯಾಲ ಲಿಫ್ಟ್ ಬರ್ತೈತೇನು?"

ಅನಿಕೇತ ಮಾಲೆ ಸರಿಮಾಡಲು ಕೈ ಚಾಚಿದ.

"ಹೇಳೋ!"

"ನೀವು ಹತ್ತಿ ತೋರಿಸಿದ್ರ ಲಿಫ್ಟ್ ಬೇಕಾಗಂಗಿಲ್ಲ ಅಂತ... ದೇ ವಿಲ್ ಕ್ಲೋಸ್ ದ ಫೈಲ್, ಅಪ್ಪಾ. ನಿನ್ನೆ ಗೊತ್ತಾತು."

"ನಿನ್ನೆ ಗೊತ್ತಾತು. ಇವತ್ತ ಮಾಲಿ ತಂದಿ."

ಮುರಿಗೆಪ್ಪನಿಗೆ ಪಿತ್ತ ನೆತ್ತಿಗೇರಿತು. ಹೊಡೆಯೋಣವೆಂದರೆ ಮಗ ಮೂವತ್ತರ ಗಂಡಸು. ಮಾಲೆಯನ್ನು ಕಿತ್ತು ಕುರ್ಚಿಯ ಮೇಲೆ ಒಗೆದ. ಪ್ಯಾಂಟಿನ ತುದಿ ಮೇಲೆತ್ತಿ, ಪಟ್ಟಿ ಬಿಚ್ಚಿ, ಕಟ್ಟಿದ ಕಾಲನ್ನು ತೆಗೆದು ಮಗನ ಕೈಯಲ್ಲಿಟ್ಟ.

"ಹಿಡಿ. ಹೊರೂದಿದ್ರ ಇದನ್ನ ಹೊರು."

ಕುರ್ಚಿಯಿಂದ ಜಾರಿ ಮೆಟ್ಟಿಲ ಮೇಲೆ ಕೂತ. ಅಂಗೈ ಊರಿ, ಬಲಗಾಲು ಒದ್ದು, ಕುಂಡೆಯನ್ನು ಒಂದು ಮೆಟ್ಟಿಲು ಮೇಲಕ್ಕೆ ಸರಿಸಿದ. ಇನ್ನೊಂದು. ಮತ್ತೊಂದು. ಪಕ್ಕದಲ್ಲಿ ಹೊಸ ಯಂತ್ರ ಒಬ್ಬರೂ ಇಲ್ಲದೆ ಗುಂಯ್ ಎಂದು ಮೇಲಕ್ಕೆ ಹೋಗುತ್ತಲೇ ಇತ್ತು.

ಐದನೆಯ ಮೆಟ್ಟಿಲಿಗೆ ಏದುಸಿರು ಬಂತು. ಸಾಹೇಬರು ಇಳಿದು ಬಂದು ಬಗ್ಗಿ, ನಗು ಕೆಡದಂತೆ ಇಂಗ್ಲಿಷಿನಲ್ಲಿ ಏನೋ ಸಮಾಧಾನ ಹೇಳಿದರು. ಕುರ್ಚಿ ಇದೆಯಲ್ಲ, ಜನ ಇದ್ದಾರಲ್ಲ, ಯಾಕಿಷ್ಟು ತ್ರಾಸು? ಮುರಿಗೆಪ್ಪ ಅವರ ಮುಖ ನೋಡದೆ ಕತ್ತು ಹೊರಳಿಸಿ ಮೇಲೆ ನೋಡಿದ. ಅವರ ಬೆನ್ನ ಹಿಂದೆ ಪೇಪರಿನ ಹುಡುಗಿ ಕ್ಯಾಮೆರಾ ಎತ್ತಿದ್ದಳು.

"ತೆಗಿಯವಾ ತಂಗಿ, ಈಗ ತೆಗಿ ಫೋಟೋ!" ಎಂದು ಕೂಗಿದ.

ಸಾಹೇಬರು ನೆಟ್ಟಗಾಗಿ ಅಂಗೈಯನ್ನು ಕ್ಯಾಮೆರಾದ ಕಣ್ಣಿಗೆ ಅಡ್ಡ ಹಿಡಿದರು. "ನೋ, ನೋ. ನಾಟ್ ದಿಸ್."

ಮೇಲಿನಿಂದ ನೀಲವ್ವ ಇಳಿದು ಬರುತ್ತಿದ್ದಳು. ಅವಳು ಮುಟ್ಟುವ ಮೊದಲೇ ಅನಿಕೇತ ಅಪ್ಪನನ್ನು ದಾಟಿ ಹತ್ತಿದ. ಕಾಲನ್ನು ಕಂಕುಳಲ್ಲಿ ಇರುಕಿಕೊಂಡು, ಸಾಹೇಬರ ಮಣಿಕಟ್ಟು ಹಿಡಿದು, ಕ್ಯಾಮೆರಾದ ಮುಂದಿನಿಂದ ಆ ಕೈಯನ್ನು ಕೆಳಗಿಳಿಸಿದ. ಬಿಡಲಿಲ್ಲ, ಹಿಡಿದುಕೊಂಡೇ ನಿಂತ.

ಕ್ಯಾಮೆರಾ ಕ್ಲಿಕ್ ಎಂದಿತು. ಮುರಿಗೆಪ್ಪ ಅಂಗೈಯ ಧೂಳು ಅಂಗಿಗೆ ಒರೆಸಿಕೊಂಡು ಆರನೆಯ ಮೆಟ್ಟಿಲಿಗೆ ಕೈ ಊರಿದ.