ನೀರಿಗೆ ಬಿಡದ ಮೀನು

"ಇನ್ನೂ ಸ್ವಲ್ಪ ಮೇಲಕ್ಕೆತ್ತು" ಎಂದ ಕೀರ್ತಿಕುಮಾರ್.

ದಿವ್ಯಶ್ರೀ ಎರಡೂ ಅಂಗೈಯಲ್ಲಿ ಅಪ್ಪನ ಗದ್ದವನ್ನು ಹಿಡಿದು ಮೇಲೆತ್ತಿದಳು. ಅಣ್ಣ ಬಿಳಿ ಪಂಚೆಯ ಸೀಳನ್ನು ಅಪ್ಪನ ತಲೆಯ ಸುತ್ತ ತಂದು ಬೆನ್ನ ಹಿಂದಿನ ಹಲಗೆಗೆ ಬಿಗಿದು ಕಟ್ಟಿದ. ವಾಲುತ್ತಿದ್ದ ಕತ್ತು ನಿಂತಿತು. ಕಾಲು ಮಡಚಿ, ಹಣೆತುಂಬ ವಿಭೂತಿ ಬಳಿದುಕೊಂಡು, ಎಡಗೈಯ ಮೇಲೆ ಇಷ್ಟಲಿಂಗ ಇಟ್ಟುಕೊಂಡು ಜಯಪ್ಪನವರು ಜಗುಲಿಯಲ್ಲಿ ನೆಟ್ಟಗೆ ಕುಳಿತರು.

"ಅಷ್ಟು ಬಿಗೀಬೇಡ ಕಣೋ, ನೋವಾಗುತ್ತೆ" ಎಂದರು ಅಮ್ಮ ಶಕುಂತಲಮ್ಮ. ಹೇಳಿದ ಮೇಲೆ ಏನು ಹೇಳಿದೆನೆಂದು ಹೊಳೆದು ಸೆರಗನ್ನು ಬಾಯಿಗೆ ಒತ್ತಿಕೊಂಡರು.

ನೆಲ್ಯಹುದಿಕೇರಿಯಿಂದ ಎರಡು ಮೈಲಿ ಆಚೆ, ಕಾವೇರಿಗೆ ಅಂಟಿಕೊಂಡಂತೆ ಇರುವ ಒಂದೂವರೆ ಎಕರೆ ಕಾಫಿ ತೋಟದ ಮನೆ ಅದು. ಮೂವತ್ತು ವರ್ಷ ಪಕ್ಕದ ದೊಡ್ಡ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಜಯಪ್ಪನವರು ನಿವೃತ್ತರಾದ ಮೇಲೆ ಇಲ್ಲೇ ಉಳಿದಿದ್ದರು. ಶನಿವಾರಸಂತೆ ಕಡೆಯ ನೆಂಟರು ಒಂದು ವ್ಯಾನಿನಲ್ಲಿ ಬಂದಿಳಿದು ಅಂಗಳದ ಶಾಮಿಯಾನದಡಿ ಕುಳಿತಿದ್ದರು. ಮನೆಯ ಹಿಂದೆ, ಕಿತ್ತಳೆ ಗಿಡಗಳ ಬಳಿ, ಗುಂಡಿ ತೋಡುವ ಸದ್ದು ಕೇಳುತ್ತಿತ್ತು.

"ನಮ್ಮ ಜನದಲ್ಲಿ ಗಾಳ ಹಿಡಿದೋನು ಇವನೊಬ್ನೇ ನೋಡು" ಎಂದರು ದಾಯಾದಿಯೊಬ್ಬರು.

"ಹಿಡಿದ, ತಿನ್ನಲಿಲ್ಲವಲ್ಲ. ಹಿಡಿದು ವಾಪಸ್ ಬಿಡ್ತಿದ್ದ."

"ಬಿಡೋದಾದ್ರೆ ಹಿಡಿಯೋದ್ಯಾಕೆ?"

"ಅದನ್ನ ಅವನನ್ನೇ ಕೇಳ್ಬೇಕಿತ್ತು."

ದಿವ್ಯಶ್ರೀಗೆ ಆ ದುಃಖದಲ್ಲೂ ಸಣ್ಣ ನಗು ಬಂತು. ಮಡಿಕೇರಿಯಲ್ಲಿ ಟೀಚರ್ ಕೆಲಸ ಮಾಡಿಕೊಂಡು ನಲವತ್ತೆರಡಕ್ಕೆ ಕಾಲಿಟ್ಟಿದ್ದ ಅವಳಿಗೆ ಅಪ್ಪನ ಬಗ್ಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಹಾಗೆಂದೇ ತಿಳಿದಿದ್ದಳು.

*

ಮೀನಿಗೆ ಮುದ್ದೆ ಬೇಯಿಸುವ ಲಿಂಗಾಯತರ ಮನೆ ಇಡೀ ಕೊಡಗಿನಲ್ಲಿ ತಮ್ಮದೊಂದೇ ಎಂದು ಶಕುಂತಲಮ್ಮ ಗೊಣಗುತ್ತಿದ್ದರು. ಗೊಣಗಿದರೂ ಪ್ರತಿ ಭಾನುವಾರ ಬೇರೆಯೇ ಪಾತ್ರೆಯಲ್ಲಿ ರಾಗಿ ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ ಬಾಳೆಲೆಯಲ್ಲಿ ಸುತ್ತಿ ಕೊಡುವವರು ಅವರೇ. ಬುತ್ತಿ ಹೊತ್ತು ನಾಲ್ವರೂ ಹೊಳೆಗೆ ಇಳಿಯುತ್ತಿದ್ದರು. ದಡದಲ್ಲಿ ಲಿಂಗ ತೆಪ್ಪ ಮಗುಚಿ ಹಾಕಿ ಕಾಯುತ್ತಿದ್ದ. ಯರವ ಬುಡಕಟ್ಟಿನ ಲಿಂಗ ಎಸ್ಟೇಟಿನ ಹೊಳೆ ಕಾವಲಿನವನು. ನೀರಿನ ಬಣ್ಣ ನೋಡಿಯೇ ಮಹಶೀರ್ ಜಾತಿಯ ಬಿಳಿಮೀನು ಯಾವ ಬಂಡೆಯ ಮರೆಯಲ್ಲಿದೆ ಎಂದು ಹೇಳಬಲ್ಲವನು.

ಎಸ್ಟೇಟಿನ ಮ್ಯಾನೇಜರರು ಹಾಕಿದ ಕಟ್ಟಳೆ ಒಂದೇ: ತೋಟದ ಅಂಚಿನ ಹೊಳೆಯಲ್ಲಿ ಯಾರು ಬಿಳಿಮೀನು ಹಿಡಿದರೂ ಜೀವಸಹಿತ ನೀರಿಗೆ ಬಿಡಬೇಕು. ತಪ್ಪಿದರೆ ಕೆಲಸವೂ ಇಲ್ಲ, ಎಸ್ಟೇಟು ಕೊಟ್ಟ ಲೈನ್ ಮನೆಯೂ ಇಲ್ಲ. ಜಯಪ್ಪನವರಿಗೆ ಅದು ಕಟ್ಟುನಿಟ್ಟು ಅನ್ನಿಸಿರಲಿಲ್ಲ. "ತಿನ್ನದವನಿಗೆ ಅದರ ಚೆಂದ ಜಾಸ್ತಿ ಕಾಣುತ್ತೆ ಕಣಮ್ಮ" ಎನ್ನುತ್ತಿದ್ದರು.

ದಿವ್ಯಶ್ರೀಗೆ ಹನ್ನೆರಡು ತುಂಬಿದ ವರ್ಷದ ಮಾರ್ಚಿನಲ್ಲಿ, ಅವಳ ಕೈಯ ಗಾಳಕ್ಕೇ ದೊಡ್ಡದೊಂದು ಬಿಳಿಮೀನು ಬಿತ್ತು. ರೀಲು ಕಿರುಚಿತು. ಗಾಳದ ತಂಗೂಸಿ ದಾರ ಬೆರಳು ಕುಯ್ಯಿತು. "ಬಿಡ್ಬೇಡ, ಎಳೀಲೂ ಬೇಡ, ಅದು ಹೋದ ಕಡೆ ಹೋಗು!" ಎಂದು ಅಪ್ಪ ಹಿಂದಿನಿಂದ ಅವಳ ಸೊಂಟ ಹಿಡಿದುಕೊಂಡರು. ಲಿಂಗ ತೆಪ್ಪವನ್ನು ಮೀನಿನ ಹಿಂದೆಯೇ ತಿರುಗಿಸಿದ. ಒಂದೂಕಾಲು ಗಂಟೆ. ಕೊನೆಗೆ ಅದು ಸುಸ್ತಾಗಿ ಆಳವಿಲ್ಲದ ನೀರಿಗೆ ಬಂದು ಪಕ್ಕಕ್ಕೆ ವಾಲಿದಾಗ ಅವಳಷ್ಟೇ ಉದ್ದವಿತ್ತು. ಅಂಗೈಯಗಲದ ಹುರುಪೆ, ಕಿತ್ತಳೆ ಬಣ್ಣದ ಬಾಲ.

"ಕತ್ತಲಾಗ್ತಿದೆ. ಇವತ್ತು ಹಗ್ಗ ಕಟ್ಟಿ ನೀರಲ್ಲೇ ಇಟ್ಟಿರೋಣ" ಎಂದರು ಅಪ್ಪ. "ಬೆಳಿಗ್ಗೆ ಸಿದ್ದಾಪುರದಿಂದ ಫೋಟೋದವನು ಬರ್ಲಿ. ಫೋಟೋ ಹೊಡೆಸಿ ನಿನ್ನ ಕೈಯಿಂದಲೇ ಬಿಡು."

ಲಿಂಗ ಮೀನಿನ ತುಟಿಗೆ ಮೆತ್ತನೆಯ ಹಗ್ಗ ಪೋಣಿಸಿ ಬಂಡೆಗಳ ನಡುವಿನ ಮಡುವಿನಲ್ಲಿ ಕಟ್ಟಿದ. ಅವಳು ಬಗ್ಗಿ ಅದರ ತಲೆ ಮುಟ್ಟಿ "ನಾಳೆ ಬರ್ತೀನಿ" ಎಂದಳು.

*

"ಬೇಲಿ ಹತ್ರ ಯಾರೋ ನಿಂತವ್ರೆ" ಎಂದರು ನೆಂಟರ ಹೆಂಗಸೊಬ್ಬರು.

ಕೀರ್ತಿಕುಮಾರ್ ಕತ್ತೆತ್ತಿ ನೋಡಿದ. ಮುಖ ಕೆಂಪಾಯಿತು. "ಲಿಂಗ ಅಲ್ವಾ ಅದು? ಆ ಕಳ್ಳನಿಗೆ ಇಲ್ಲೇನು ಕೆಲಸ?"

"ಸುಮ್ನಿರು" ಎಂದರು ಶಕುಂತಲಮ್ಮ. "ಇವತ್ತೊಂದು ದಿನ ಸುಮ್ನಿರು."

ದಿವ್ಯಶ್ರೀಯೂ ನೋಡಿದಳು. ತಲೆಗೆ ಟವೆಲ್ ಸುತ್ತಿಕೊಂಡ ಮುದುಕ, ಬೇಲಿಯ ಆಚೆಗೇ ನಿಂತಿದ್ದ. ಅವಳಿಗೆ ಹಳೆಯ ಸಿಟ್ಟು ಮರಳಿತು. ಆ ಸಿಟ್ಟಿಗೆ ಅವಳ ಮುಕ್ಕಾಲು ವಯಸ್ಸು.

*

ಮರುದಿನ ಬೆಳಿಗ್ಗೆ ಮಡುವಿನಲ್ಲಿ ಕೊಯ್ದ ಹಗ್ಗ ಮಾತ್ರ ಇತ್ತು.

ಎಸ್ಟೇಟಿನ ಆಫೀಸಿನ ಮುಂದೆ ಕೆಲಸದವರೆಲ್ಲ ಸೇರಿದ್ದರು. "ರಾತ್ರಿ ಮಡು ಕಾಯ್ತಿದ್ದೆ. ರೈಟ್ರು ಮನೆಗೆ ಹೋಗಿ ಮಲಕ್ಕೋ ಅಂದ್ರು, ಹೋದೆ" ಎಂದ ಲಿಂಗ. "ನಾನು ಹಂಗೆ ಹೇಳೇ ಇಲ್ಲ" ಎಂದರು ಅಪ್ಪ. ಮ್ಯಾನೇಜರರು ಇಬ್ಬರ ಮುಖವನ್ನೂ ನೋಡಿದರು.

ಆಗ ಅಪ್ಪ ಅವಳನ್ನು ಹತ್ತಿರ ಕರೆದು, ಕೂದಲು ಸವರಿ ಕೇಳಿದರು: "ಬೆಳಿಗ್ಗೆ ಲಿಂಗ ಹೊಳೆ ಕಡೆಯಿಂದ ಗೋಣಿಚೀಲ ಹೊತ್ಕೊಂಡು ಹೋಗಿದ್ದು ನೋಡ್ದೆ ಅಂದ್ಯಲ್ಲ, ಮಗ?"

"ಹೂಂ." ಅದು ನಿಜವೇ ಆಗಿತ್ತು.

"ಚೀಲದಿಂದ ಬಾಲ ಕಾಣ್ತಿತ್ತಾ?"

ಚೀಲ ಒದ್ದೆಯಾಗಿದ್ದು ಅವಳಿಗೆ ನೆನಪಿತ್ತು. ಬಾಲ ನೆನಪಿರಲಿಲ್ಲ. ಆದರೆ ಅಪ್ಪ ಕೇಳುತ್ತಿದ್ದಾರೆ ಎಂದರೆ ಇದ್ದಿರಲೇಬೇಕು. ತನ್ನ ಮೀನು ಸತ್ತೇಹೋಗಿತ್ತು. ಬೆರಳೆತ್ತಿ ಲಿಂಗನನ್ನು ತೋರಿಸಿ, ಎಲ್ಲರಿಗೂ ಕೇಳುವಂತೆ ಹೇಳಿದಳು: "ಕಿತ್ತಳೆ ಬಣ್ಣದ ಬಾಲ. ನಾನೇ ನೋಡ್ದೆ."

ಲಿಂಗ ಅವಳನ್ನೊಮ್ಮೆ, ಅವಳ ಅಪ್ಪನನ್ನೊಮ್ಮೆ ನೋಡಿದ. ಆ ಸಂಜೆಯೇ ಬಸುರಿ ಹೆಂಡತಿಯ ಜೊತೆ ಪಾತ್ರೆಪಡಗ ಹೊತ್ತು ಲೈನಿನಿಂದ ಇಳಿದು ಹೋದ. ಆ ದಡದ ಯಾವ ತೋಟದಲ್ಲೂ ಅವನಿಗೆ ಮತ್ತೆ ಕೆಲಸ ಹುಟ್ಟಲಿಲ್ಲ.

ಅಪ್ಪ ಗಾಳದ ಕೋಲನ್ನು ಅಟ್ಟಕ್ಕೆ ಹಾಕಿದರು. "ನಂಬಿದವನೇ ಕುತ್ತಿಗೆ ಕುಯ್ದ ಕಣಮ್ಮ. ಯಾರನ್ನೂ ನಂಬ್ಬೇಡ" ಎಂದರು. ಅವಳು ಆ ಮಾತನ್ನು ಮಡಿಕೇರಿಯ ಹಾಸ್ಟೆಲಿಗೆ, ಅಲ್ಲಿಂದ ಕಾಲೇಜಿಗೆ, ಅಲ್ಲಿಂದ ತನ್ನ ತರಗತಿಗೂ ಕೊಂಡೊಯ್ದಳು. ಮಕ್ಕಳ ಪೆನ್ಸಿಲ್ ಕಳೆದುಹೋದಾಗ ಅವಳ ಕೈ ಮೊದಲು ಹೋಗುತ್ತಿದ್ದುದು ಯರವರ ಹಾಡಿಯಿಂದ ಬರುವ ಮಕ್ಕಳ ಚೀಲಕ್ಕೆ.

*

ಹನ್ನೊಂದು ಗಂಟೆಗೆ ಹೊಳೆಯಾಚೆಯ ತೋಟದ ಮಾಲೀಕ ಉತ್ತಯ್ಯ ಬಂದರು. ಎಂಬತ್ತೈದರ ಕೊಡವ ಹಿರಿಯರು. ಕೋಲೂರಿ ಮೆಟ್ಟಿಲು ಹತ್ತಿ, ಕೈ ಮುಗಿದು, ಹಾರ ಹಾಕಿ, ದಿವ್ಯಶ್ರೀಯ ಪಕ್ಕದ ಕುರ್ಚಿಯಲ್ಲಿ ಕುಳಿತರು.

"ನಿನ್ನಪ್ಪನಂಥ ಜನ ಈಗ ಎಲ್ಲುಂಟು ಮಗಳೇ? ಮಾತು ಕೊಟ್ಟರೆ ಕೊಟ್ಟದ್ದೇ."

"ಹೌದು ಅಂಕಲ್."

"ನಿನ್ನ ಸೀಟಿನ ವಿಷಯಕ್ಕೇ ನೋಡು. ನಾನಾಗ ಮಡಿಕೇರಿಯ ನಿನ್ನ ಸ್ಕೂಲಿನ ಕಮಿಟಿಯಲ್ಲಿದ್ದೆ. ಬಂದು ಕೇಳಿದ. ತಮಾಷೆಗೆ ಅಂದೆ, ರೈಟರೇ, ನಿಮ್ಮ ಕಡೆ ಹೊಳೆಯಿಂದ ಒಂದು ದೊಡ್ಡ ಮೀನು ನಮ್ಮ ಟೇಬಲ್ಲಿಗೆ ಬರಲಿ, ಸೀಟು ನಾನು ನೋಡ್ಕೊಳ್ತೇನೆ ಅಂತ. ಆಯ್ತು ಅಂತ ಹೋದ. ಒಂದು ದಿನ ಬೆಳಕು ಹರಿಯುವ ಮೊದಲು ಗೋಣಿಯಲ್ಲಿ ಸುತ್ತಿ ತಂದೇ ಬಿಟ್ಟ ಮಾರಾಯ್ತಿ! ಎಂಥ ಮೀನು ಅದು! ಕಿತ್ತಳೆ ಬಣ್ಣದ ಬಾಲ, ಬಾಯಲ್ಲಿ ತುಂಡು ಹಗ್ಗ ಹಾಗೇ ಇತ್ತು. ಅದನ್ನು ಮುಟ್ಟದ ಮನುಷ್ಯ, ಮಗಳಿಗಾಗಿ ಹೊತ್ತು ತಂದ." ಮುದುಕರ ಕಣ್ಣು ಒದ್ದೆಯಾಯಿತು. "ಅಪ್ಪ ಅಂದರೆ ಹಾಗಿರಬೇಕು."

ದಿವ್ಯಶ್ರೀ ಎದ್ದಳು. ಎದ್ದದ್ದು ಯಾಕೆಂದು ಅವಳಿಗೇ ತಿಳಿಯಲಿಲ್ಲ. ಜಗುಲಿಯಲ್ಲಿ ಅಪ್ಪ ವಿಭೂತಿ ಬಳಿದ ಮುಖದಲ್ಲಿ ಶಾಂತವಾಗಿ ಕುಳಿತಿದ್ದರು. ಅಷ್ಟು ಶಾಂತಿ ಅವರಿಗೆ ಹೇಗೆ ಸಿಕ್ಕಿತು ಎಂದು ಅವಳಿಗೆ ಸಿಟ್ಟು ಬಂತು.

ಅಡುಗೆಮನೆಯಲ್ಲಿ ಶಕುಂತಲಮ್ಮ ಒಬ್ಬರೇ ಕುಳಿತು ಬಿಲ್ವಪತ್ರೆ ಬಿಡಿಸುತ್ತಿದ್ದರು.

"ಅಮ್ಮ, ನನ್ನ ಮೀನನ್ನ ಉತ್ತಯ್ಯ ಅಂಕಲ್ ಮನೆಗೆ ಕೊಟ್ಟಿದ್ದು ಅಪ್ಪನಾ?"

ಪತ್ರೆ ಬಿಡಿಸುವ ಬೆರಳು ನಿಲ್ಲಲಿಲ್ಲ. ಶಕುಂತಲಮ್ಮ ಅಂದರು: "ಆ ಗೋಣಿ ಒಗೆದವಳೇ ನಾನು."

"ಗೊತ್ತಿದ್ದೂ ನನ್ನ ಬಾಯಿಂದ ಹೇಳ್ಸಿದ್ರಾ?"

"ದೊಡ್ಡೋರು ಹೇಳಿದ್ರೆ ನಂಬ್ತಿರ್ಲಿಲ್ಲ. ಮಗು ಹೇಳಿದ್ರೆ..." ಒಂದು ಪತ್ರೆ ಕಿತ್ತು ತಟ್ಟೆಗೆ ಹಾಕಿದರು. "ನಿಜ ಗೊತ್ತಾಗಿದ್ರೆ ಮನೆ ಹೋಗ್ತಿತ್ತು, ಕೆಲಸ ಹೋಗ್ತಿತ್ತು. ನಿನ್ನ ಓದೂ ಹೋಗ್ತಿತ್ತು ಕಣೆ. ಅವರೇನು ತಮಗೋಸ್ಕರ ಮಾಡಿದ್ರಾ?"

"ಲಿಂಗಣ್ಣಂಗೆ ಹೋಗಿದ್ದು?"

ಶಕುಂತಲಮ್ಮ ತಟ್ಟೆ ಎತ್ತಿಕೊಂಡು ಹೊರಗೆ ನಡೆದರು.

ದಿವ್ಯಶ್ರೀ ಹಿತ್ತಿಲ ಬಾಗಿಲಿಂದ ಬೇಲಿಯ ಬಳಿಗೆ ಹೋದಳು. ಲಿಂಗನ ಎದುರು ನಿಂತಳು.

"ಲಿಂಗಣ್ಣ, ನಂಗೆ ಈಗ ಗೊತ್ತಾಯ್ತು."

"ನಂಗೆ ಅವತ್ತೇ ಗೊತ್ತಿತ್ತು, ದಿವ್ಯಮ್ಮ. ಸೇತುವೆ ಮೇಲೆ ರೈಟ್ರು ಗೋಣಿ ಹೊತ್ತು ಹೋಗೋದು ನೋಡಿದ್ದೆ. ಯಾರಿಗೆ ಹೇಳ್ಲಿ? ರೈಟರ್ ಮಾತು ಬಿಟ್ಟು ಯರವನ ಮಾತು ಯಾರು ಕೇಳ್ತಾರೆ?"

"ನಾನು... ಬಾಲ ನೋಡಿರ್ಲಿಲ್ಲ."

"ಅದೂ ಗೊತ್ತು. ಚೀಲದಲ್ಲಿ ಇದ್ದಿದ್ದು ಏಡಿ. ಏಡಿಗೆ ಬಾಲ ಇರಲ್ಲ."

ಅವಳು ತಂತಿ ಬೇಲಿಗೆ ಇನ್ನೂ ಹತ್ತಿರ ಸರಿದಳು.

"ವರ್ಷಕ್ಕೊಂದ್ಸಲ ಬರೋರು, ಮಾಲ್ದಾರೆ ಹಾಡಿಗೆ" ಎಂದ ಲಿಂಗ, ಜಗುಲಿಯಲ್ಲಿದ್ದ ಅಪ್ಪನತ್ತ ಗದ್ದ ಚಾಚಿ. "ಹುತ್ತರಿ ಹಬ್ಬ ಕಳೆದ ಮೇಲೆ. ಮನೆ ಮುಂದೆ ಕೂರೋರು. ಆನೆ ಬಂತಾ, ಮಳೆ ಹೆಂಗೆ ಅಂತ ಕೇಳೋರು. ಎದ್ದು ಹೋಗೋರು. ಹೇಳ್ತಾರೆ, ಇವತ್ತು ಹೇಳ್ತಾರೆ ಅಂತ ನಾನು ಕಾಯೋದು. ಹೋದ ವರ್ಷ 'ಲಿಂಗಾ...' ಅಂತ ಬಾಯಿ ತೆಗೆದ್ರು. ಆಮೇಲೆ ಕುಡಿಯಕ್ಕೆ ನೀರು ಕೇಳಿದ್ರು."

"ಮತ್ತೆ ಇವತ್ಯಾಕೆ ಬಂದೆ?"

"ಇನ್ನು ಹೇಳಲ್ಲ ಅಲ್ವಾ. ಅದನ್ನ ನೋಡೋಕೆ."

*

ಮಧ್ಯಾಹ್ನ ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಹಿತ್ತಿಲಿಗೆ ಹೊತ್ತು ತಂದರು. ಗುಂಡಿಯೊಳಗೆ ಪೂರ್ವಕ್ಕೆ ಮುಖಮಾಡಿ ಇಳಿಸಿದರು. ಮಠದ ಸ್ವಾಮಿಗಳು ಮಂತ್ರ ಹೇಳಿ ವಿಭೂತಿ ಚೆಲ್ಲಿದರು. ಕೀರ್ತಿಕುಮಾರ್ ಪತ್ರೆ ಹಾಕಿ ಹಿಂದೆ ಸರಿದ.

"ಮಗಳು ಬರ್ಲಿ" ಎಂದರು ಸ್ವಾಮಿಗಳು.

ದಿವ್ಯಶ್ರೀ ಗುಂಡಿಯ ಅಂಚಿಗೆ ಬಂದಳು. ಪತ್ರೆ ತೆಗೆದುಕೊಳ್ಳಲಿಲ್ಲ. ಅಪ್ಪನನ್ನು ನೋಡಿದರೆ ಮಾತು ಹೊರಡುವುದಿಲ್ಲವೆಂದು ಜನರ ಕಡೆ ತಿರುಗಿದಳು.

"ಮೂವತ್ತು ವರ್ಷದ ಹಿಂದೆ ಲಿಂಗಣ್ಣ ಮೀನು ಕದ್ದ ಅಂತ ಎಲ್ಲರ ಮುಂದೆ ಹೇಳಿದ್ದು ನಾನು. ಅದು ಸುಳ್ಳು. ನಾನು ನೋಡಿರ್ಲಿಲ್ಲ. ಮೀನು ತಗೊಂಡು ಹೋಗಿದ್ದು ನಮ್ಮಪ್ಪ."

"ದಿವ್ಯಾ!" ಕೀರ್ತಿಕುಮಾರ್ ಅವಳ ತೋಳು ಹಿಡಿದ. "ಹೆಣದ ಮುಂದೆ ನಿಂತು ಏನು ಮಾತು ಇದು?"

"ಪಾಪ, ಸಂಕಟಕ್ಕೆ ಏನೇನೋ ಅಂತೈತೆ" ಎಂದರು ಯಾರೋ. "ನೀರು ಕೊಡ್ರಮ್ಮ."

ಉತ್ತಯ್ಯ ತಮ್ಮ ಕೋಲಿನ ತುದಿ ನೋಡುತ್ತ ನಿಂತಿದ್ದರು.

"ಅಮ್ಮ, ನೀನು ಹೇಳು" ಎಂದಳು ದಿವ್ಯಶ್ರೀ. "ಒಂದೇ ಒಂದು ಸಲ ಹೇಳು."

ಎಲ್ಲರೂ ಶಕುಂತಲಮ್ಮನ ಕಡೆ ನೋಡಿದರು. ಅವರು ಮಗಳನ್ನು ನೋಡಿದರು, ಗುಂಡಿಯಲ್ಲಿ ಕುಳಿತ ಗಂಡನನ್ನು ನೋಡಿದರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು.

"ಹೊತ್ತಾಯ್ತು ಸ್ವಾಮಿಗಳೇ. ಮುಂದಿನದ್ದು ಮಾಡಿ."

ಮಂತ್ರ ಮತ್ತೆ ಶುರುವಾಯಿತು. ನೆಂಟರು ಒಬ್ಬೊಬ್ಬರಾಗಿ ಬಗ್ಗಿ ಹಿಡಿ ಹಿಡಿ ಮಣ್ಣು ಹಾಕತೊಡಗಿದರು. ಆಗ ಲಿಂಗ ಬೇಲಿಯ ತಂತಿ ಎತ್ತಿ ಒಳಗೆ ಬಂದ. ಯಾರೂ ತಡೆಯಲಿಲ್ಲ, ಸಾಲಿನಲ್ಲಿದ್ದವರು ತಾವಾಗಿಯೇ ದಾರಿ ಬಿಟ್ಟರು. ಅವನು ತಲೆಯ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡ. ಬಗ್ಗಿ ಒಂದು ಹಿಡಿ ಮಣ್ಣು ತೆಗೆದ. ಅಪ್ಪನ ತಲೆಯ ನೇರಕ್ಕೆ, ಗುಂಡಿಯ ಮೇಲೆ ಕೈ ಚಾಚಿದ.

ಸ್ವಾಮಿಗಳು ಕಾದರು. ಹಿಂದಿನ ಸಾಲು ಕಾಯಿತು. ಕೀರ್ತಿಕುಮಾರ್ ಗಂಟಲು ಸರಿಮಾಡಿಕೊಂಡ. ಲಿಂಗ ಅಪ್ಪನ ಬಾಯನ್ನೇ ನೋಡುತ್ತಿದ್ದ, ಅವನ ತೋಳು ಇಳಿಯಲಿಲ್ಲ. ಮಣ್ಣು ತುಂಬಿದ ಆ ಮುಷ್ಟಿ ಅಲ್ಲೇ ಇತ್ತು, ಮುಚ್ಚಿಕೊಂಡು.