ಜಾವಾಗೆ ಅರ್ಧ ಸಾಕಿತ್ತು

ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮ್ಯಾನೇಜರ್ ಹೂಗುಚ್ಛವನ್ನು ಶವಪೆಟ್ಟಿಗೆಯ ಮೇಲಿಡಲು ಬಗ್ಗುತ್ತಿದ್ದಂತೆ ಸತ್ತವನ ಹೆಂಡತಿ ಅದನ್ನು ಕಿತ್ತು ಅವನ ಮುಖಕ್ಕೇ ಬೀಸಿದಳು. ತಂತಿ ಗೀರಿ ಹುಬ್ಬಿನ ಮೇಲೆ ರಕ್ತ ಒಸರಿತು.

"ಏನಮ್ಮಾ ಇದು! ದುಃಖ ಇರುತ್ತೆ, ಒಪ್ಕೋತೀನಿ. ಆದ್ರೆ ಸರ್ವರ್ ನೋಡ್ಕೊಳ್ಳೋನು ಅವನೇ ಅಲ್ವಾ? ಸತ್ತೋನ ಬಗ್ಗೆ ಹೆಚ್ಚು ಮಾತಾಡಬಾರದು ಅಂತ ಸುಮ್ನಿದ್ದೀನಿ."

ಸುಮ್ಮನಿದ್ದಾನಂತೆ! ಆಸ್ಪತ್ರೆಯ ಕಂಪ್ಯೂಟರುಗಳೆಲ್ಲ ಸ್ತಬ್ಧವಾಗಿ, ರಕ್ತದ ವರದಿ ಪರದೆಗೆ ಬರುವಷ್ಟರಲ್ಲಿ ಒಂದು ಮಗು ಹೋಗಿಬಿಟ್ಟಿತ್ತು. ಕಬ್ಬಿಣದ ಸರಳು ಹಿಡಿದು ನುಗ್ಗಿದ ಮಗುವಿನ ಕಡೆಯವರಿಗೆ "ಅದನ್ನ ನೋಡ್ಕೊಳ್ಳೋನು ಒಳಗಿದ್ದಾನೆ" ಎಂದು ಬೆರಳು ತೋರಿಸಿದವನು ಇವನೇ. ಅವರು ಗಾಜಿನ ಬಾಗಿಲು ಪುಡಿಮಾಡಿ, ಅವಳ ಗಂಡನನ್ನು ಕೂದಲು ಹಿಡಿದೆಳೆದು, ಉಸಿರು ನಿಲ್ಲುವವರೆಗೂ ಬಡಿದಿದ್ದರು. ಮುಖ ನೋಡುವ ಹಾಗಿರಲಿಲ್ಲ. ಪೆಟ್ಟಿಗೆ ಮುಚ್ಚಿಯೇ ಮನೆಗೆ ಬಂದಿತ್ತು.

ಗಂಡನ ಅಣ್ಣ ಅವಳ ತೋಳು ಹಿಡಿದ. "ಸುಮ್ನಿರಮ್ಮ. ತಪ್ಪು ನಮ್ಮೋನದ್ದೇ ಅಂತೆ."

"ನೀವೂ ಹಾಗೇ ಅಂತೀರಾ ಭಾವ?" ಕೊಂದದ್ದು ಸಾಲದೆಂದು ಅಪವಾದವನ್ನೂ ಹೊರಿಸಿ ಕಳಿಸುತ್ತಾರೆಯೇ?

*

ಹಿಂದಿನ ವಾರ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ ಗಂಡ ಗೋಳು ಹೇಳಿಕೊಂಡಿದ್ದ.

"ಪ್ರೋಗ್ರಾಮ್ ನಿಧಾನ ಅಂತ, ಸರ್ವರಲ್ಲಿರೋ ಮೆಮೊರಿನೆಲ್ಲ ಅದನ್ನ ಓಡಿಸೋ ಜಾವಾಗೇ ಕೊಡು ಅಂತಾನೆ ಮ್ಯಾನೇಜರ್. ಮಿಕ್ಕಿದ್ದಕ್ಕೆ ಜಾಗ ಬೇಡ್ವಾ? ಸರ್ವರ್ ಎಲ್ಲಾನೂ ಡಿಸ್ಕಿಗೆ ತಳ್ಳುತ್ತೆ, ಬೇಕಾದಾಗ ವಾಪಸ್ ಎಳೆಯುತ್ತೆ."

"ಅಂದ್ರೆ?"

"ಈ ಕಟ್ಟೆ ಪೂರ್ತಿ ಒಂದೇ ಹಂಡೆ ಇಟ್ರೆ, ಉಪ್ಪಿಗೂ ಅಟ್ಟ ಹತ್ತಬೇಕು. ಹತ್ತಿ ಇಳಿಯೋದೇ ಆಯ್ತು, ಅಡುಗೆ ಆಗೋದ್ಯಾವಾಗ?"

"ಹಂಡೆ ಸಣ್ಣದು ಮಾಡ್ರೀ!"

"ಅರ್ಧಕ್ಕಿಳಿಸೋಣ ಅಂದೆ. ನನಗೇ ಪಾಠ ಹೇಳ್ತೀಯಾ ಅಂತ ಮೈಮೇಲೆ ಬಿದ್ದ."

*

"ಇಳಿಸಬೇಡ ಅಂದಿದ್ದು ಯಾರು? ಎಲ್ರೆದುರಿಗೆ ಹೇಳು! ಆಮೇಲೆ ಪೆಟ್ಟಿಗೆ ಎತ್ತಲಿ." ಅವಳು ಮ್ಯಾನೇಜರನ ಕೊರಳಪಟ್ಟಿ ಹಿಡಿದು ತಿರುಚಿದಳು. ಬಿಡಿಸಲು ಬಂದ ಭಾವನ ಎದೆಗೆ ಮೊಣಕೈಯಿಂದ ತಿವಿದಳು.

ಅಷ್ಟರಲ್ಲಿ ಗಂಡನ ಜೊತೆ ಕೆಲಸ ಮಾಡುತ್ತಿದ್ದ ಗೊಣಗಪ್ಪನ ಫೋನ್ ಬಡಿದುಕೊಂಡಿತು. ಸದಾ ಗೊಣಗುವವನು ಈಗ ತಣ್ಣಗೆ ಹೇಳಿದ:

"ಸರ್ವರ್ ಮತ್ತೆ ನಿಂತಿದೆ ಸಾರ್. ಡಿಸ್ಕ್ ಒಂದೇ ಸಮನೆ ಓಡ್ತಿದೆಯಂತೆ. ಕೆಳಗೆ ಜನ ಸೇರಿದ್ದಾರೆ. ಮ್ಯಾನೇಜರ್ ರೂಮ್ ಎಲ್ಲಿ ಅಂತ ಕೇಳ್ತಿದ್ದಾರೆ."

ಮ್ಯಾನೇಜರನ ಮುಖ ಬಿಳಿಚಿತು. "ಅರ್ಧಕ್ಕಿಳಿಸೋಕೆ ಹೇಳೋ! ಜಾವಾಗೆ ಅರ್ಧ ಸಾಕು!"

"ನೀವು ಬೇಡ ಅಂದಿದ್ರಲ್ಲ ಸಾರ್?"

"ಆವತ್ತು ಬೇಡ ಅಂದೋನೂ ನಾನೇ, ಇವತ್ತು ಹೇಳ್ತಿರೋನೂ ನಾನೇ! ಇಳಿಸೋ!"

ಮಾತು ಬಾಯಿಂದ ಬಿದ್ದ ಮೇಲೆ ಅವನಿಗೆ ಸುತ್ತಲಿನವರು ಕಂಡರು. ಹೆಂಡತಿ ಕೊರಳಪಟ್ಟಿ ಬಿಟ್ಟಳು.

"ಎತ್ತಿ ಭಾವ," ಎಂದಳು.

ಪೆಟ್ಟಿಗೆ ಎತ್ತುವಾಗ ಮ್ಯಾನೇಜರ್ ತಾನೂ ಹೊರುವವನಂತೆ ದಡಬಡಿಸಿ ಬಂದು ಒಂದು ಹಿಡಿಕೆಗೆ ಕೈ ಹಾಕಿದ. ಭಾವ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಕಿರುಬೆರಳು ಬಿಡಲಿಲ್ಲ. ಅದನ್ನು ಹಿಂದಕ್ಕೆ ಬಗ್ಗಿಸಿದ, ಇನ್ನೂ ಬಗ್ಗಿಸಿದ. ಲಟಕ್ಕೆಂದಿತು. ಸಾಕು ಬಿಡಿ ಎಂದು ಯಾರೂ ಅನ್ನಲಿಲ್ಲ.